ಬಾಣಲೆ ಇಡುವ ಹಕ್ಕು

ನನಗೆ ಹೊಟ್ಟೆಕಿಚ್ಚು ಜಾಸ್ತಿ. ನಾಲ್ಕು ಪುಟ ಓದಿದ ಮೇಲೆ ನಿಮಗೇ ಗೊತ್ತಾಗುವುದಕ್ಕಿಂತ ನಾನೇ ಮೊದಲು ಹೇಳಿಕೊಳ್ಳುವುದು ಮರ್ಯಾದೆ ಎಂದು ಹೇಳಿಬಿಡುತ್ತಿದ್ದೇನೆ. ಮೂವತ್ತು ವರ್ಷದಿಂದ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದೇನೆ. ಒಳ್ಳೆ ರೂಟು ಸಿಕ್ಕವನ ಮೇಲೆ ಹೊಟ್ಟೆಕಿಚ್ಚು ಪಟ್ಟಿದ್ದೇನೆ, ಹೊಸ ಬಸ್ಸು ಸಿಕ್ಕವನ ಮೇಲೆ ಪಟ್ಟಿದ್ದೇನೆ, ಕಿಟಕಿ ಪಕ್ಕ ಕೂತು ಬಾಯಿ ತೆರೆದು ನಿದ್ದೆ ಹೊಡೆಯುವ ಪ್ರಯಾಣಿಕರ ಮೇಲೂ ಪಟ್ಟಿದ್ದೇನೆ. ಅವೆಲ್ಲ ಮುಂದಿನ ಸ್ಟಾಪಿನಲ್ಲಿ ಇಳಿದುಹೋಗುವಂಥವು. ಇಳಿಯದೆ ಕೂತದ್ದು ಒಂದೇ, ನನ್ನ ಷಡ್ಡಕನ ಮೇಲಿನದು.

ಷಡ್ಡಕ ಎಂದರೆ ಹೆಂಡತಿಯ ತಂಗಿಯ ಗಂಡ. ಹೊಸದುರ್ಗದ ನಮ್ಮತ್ತೆಗೆ ಇಬ್ಬರೇ ಹೆಣ್ಣುಮಕ್ಕಳು. ದೊಡ್ಡವಳನ್ನು ಚಿತ್ರದುರ್ಗದಲ್ಲಿದ್ದ ನನಗೆ ಕೊಟ್ಟರು. ಚಿಕ್ಕವಳನ್ನು ಹಿರಿಯೂರಿನಲ್ಲಿದ್ದ ತಮ್ಮ ಸ್ವಂತ ಅಣ್ಣನ ಮಗನಿಗೇ ಕೊಟ್ಟರು. ಹಾಗಾಗಿ ನಾವಿಬ್ಬರೂ ಆಕೆಯನ್ನು ‘ಅತ್ತೆ’ ಎಂದೇ ಕರೆಯುವುದು. ಮಾತು ಒಂದೇ, ಆದರೆ ನನಗೆ ಅದು ತಾಳಿ ಕಟ್ಟಿದ ದಿನ ಸಿಕ್ಕಿದ್ದು. ಅವನಿಗೆ ಮಾತು ಬಂದ ದಿನದಿಂದಲೂ ಇತ್ತು.

ನಾನು ಹೋದರೆ ಅತ್ತೆ ಸೆರಗು ಸರಿಮಾಡಿಕೊಂಡು ಎದ್ದು ನಿಲ್ಲುತ್ತಾರೆ. “ಬರ್ರಿ ಅಳಿಯಂದ್ರೆ, ಕುಂತ್ಕಳ್ರಿ” ಎನ್ನುತ್ತಾರೆ. ಕುರ್ಚಿ ಬರುತ್ತದೆ, ನೀರು ಬರುತ್ತದೆ, ಸ್ಟೀಲ್ ಲೋಟದಲ್ಲಿ ಚಹಾ ಬರುತ್ತದೆ. ಆಮೇಲೆ ಅತ್ತೆ ಬಾಗಿಲಿಗೆ ಒರಗಿ ನಿಂತು ಡ್ಯೂಟಿ ಹೇಗಿದೆ, ಮಳೆ ಹೇಗಿದೆ ಎಂದು ಕೇಳುತ್ತಾರೆ. ಅವನು ಬಂದರೆ ಆಕೆ ಕೂತಲ್ಲಿಂದ ಏಳುವುದೂ ಇಲ್ಲ. ಕಾಲು ತೊಳೆದುಕೊಂಡು ಬಾರೋ ಲೇ ಎಂದು ಗದರುತ್ತಾರೆ. ಅವನು ಸೀದಾ ಅಡುಗೆಮನೆಗೆ ನುಗ್ಗಿ ಪಾತ್ರೆಗಳ ಮುಚ್ಚಳ ತೆಗೆದು ನೋಡುತ್ತಾನೆ, ಮತ್ತೊಂದು ಸಲ ಲೇ ಎನ್ನಿಸಿಕೊಳ್ಳುತ್ತಾನೆ, ಹಲ್ಲು ಕಿರಿಯುತ್ತಾನೆ. ಆ ಒಂದು ‘ಲೇ’ ಕೇಳಿದಾಗೆಲ್ಲ ಮುಂದಿನ ಕೋಣೆಯ ಕುರ್ಚಿಯಲ್ಲಿ ಮರ್ಯಾದೆಯಿಂದ ಕೂತಿರುತ್ತಿದ್ದ ನನ್ನ ಹೊಟ್ಟೆಯೊಳಗೆ ಒಲೆ ಹತ್ತಿಕೊಳ್ಳುತ್ತಿತ್ತು. ಇಪ್ಪತ್ತೆಂಟು ವರ್ಷ ಆ ಒಲೆ ಆರಿಲ್ಲ.

ಆ ಮನೆಯಲ್ಲಿ ನನಗೂ ಒಂದು ಬಂಡವಾಳ ಇತ್ತು. ಅದು ಕಾದ ಎಣ್ಣೆ. ನಮ್ಮವ್ವ ಭರಮಸಾಗರದಲ್ಲಿ ಬಸ್ಸು ನಿಲ್ಲುವ ಕಡೆ ಮಂಡಕ್ಕಿ ಮೆಣಸಿನಕಾಯಿ ಮಾರುತ್ತಿದ್ದಳು. ನಮ್ಮ ಕಡೆ ಮಂಡಕ್ಕಿಯ ಜೊತೆ ಮೆಣಸಿನಕಾಯಿ ಎಂದರೆ ಮೆಣಸಿನಕಾಯಿ ಬಜ್ಜಿ ಎಂದೇ ಅರ್ಥ, ಬಜ್ಜಿ ಎಂದು ಬಿಡಿಸಿ ಕೇಳಿದವನು ಹೊರಗಿನವನು. ಅವ್ವನ ಬಾಣಲೆಯ ಮುಂದೆ ಕೂತು ಬೆಳೆದವನು ನಾನು. ಎಣ್ಣೆಗೆ ಒಂದು ಹನಿ ಹಿಟ್ಟು ಬಿಟ್ಟು, ಅದು ತಳಕ್ಕೆ ಹೋಗಿ ಎಷ್ಟು ಹೊತ್ತಿಗೆ ಮೇಲೆ ಬಂತು ಎನ್ನುವುದರ ಮೇಲೆ ಉರಿ ಏರಿಸುವುದು, ಇಳಿಸುವುದು. ಎಣ್ಣೆ ನನ್ನ ಮಾತು ಕೇಳುತ್ತದೆ ಎಂದು ಜಂಭ ಕೊಚ್ಚುತ್ತಿದ್ದೆ. ಸುಳ್ಳೇನೂ ಅಲ್ಲ.

ಅತ್ತೆ ಮನೆಯಲ್ಲಿ ಹಬ್ಬವಾದರೆ ಬಾಣಲೆಯ ಮುಂದೆ ನಾನೇ. ಅವರ ಮನೆಗೆ ಅಂಟಿಕೊಂಡೇ ಹಿಟ್ಟಿನ ಗಿರಣಿ ಇದೆ, ಹಾಗಾಗಿ ಕಡ್ಲೆಹಿಟ್ಟು ಆಗತಾನೆ ಬೀಸಿದ್ದು, ಇನ್ನೂ ಬೆಚ್ಚಗಿರುತ್ತಿತ್ತು. ಮಾವ ಗಿರಣಿಯ ಬೆಲ್ಟು ಬಿಚ್ಚಿ, ಮೈಯೆಲ್ಲ ಹಿಟ್ಟು ಮಾಡಿಕೊಂಡೇ ಬಂದು ಅಡುಗೆಮನೆಯ ಹೊಸ್ತಿಲ ಮೇಲೆ ಕೂರುತ್ತಿದ್ದರು. ಒಂದು ಘಾಣ, ಎಂದರೆ ಒಂದು ಸಲಕ್ಕೆ ಬಾಣಲೆಗೆ ಬಿಟ್ಟಷ್ಟು, ಇಳಿಯುತ್ತಿದ್ದಂತೆ ಕೈ ಚಾಚುತ್ತಿದ್ದರು. ಅತ್ತೆ ನನ್ನ ಪಕ್ಕ ನಿಂತು ತಟ್ಟೆ ಹಿಡಿಯುತ್ತಿದ್ದರು. ಆ ಒಂದು ಗಂಟೆ ಮಾತ್ರ ನನಗೆ ಕುರ್ಚಿ ಇರುತ್ತಿರಲಿಲ್ಲ. ಷಡ್ಡಕ ಈರುಳ್ಳಿ ಹೆಚ್ಚಿಕೊಂಡು ಕಣ್ಣೊರೆಸಿಕೊಳ್ಳುತ್ತ ಮೂಲೆಯಲ್ಲಿರುತ್ತಿದ್ದ. ಅವನು ಅಲ್ಲೇ ಇರಲಿ ಎಂದು ನಾನು ಈರುಳ್ಳಿ ಇನ್ನೂ ಸಣ್ಣಗೆ ಬೇಕು ಎನ್ನುತ್ತಿದ್ದೆ.

ಹೋದ ವರ್ಷ ಕಾರ್ತಿಕದಲ್ಲಿ ಮಾವ ತೀರಿಕೊಂಡರು. ಗಿರಣಿಯಲ್ಲಿ ಕೂತಲ್ಲೇ ಎದೆ ಹಿಡಿದುಕೊಂಡರಂತೆ, ಅಷ್ಟೆ. ಹದಿಮೂರು ದಿನ ಕಳೆಯಿತು, ಹದಿನಾರನೇ ದಿನಕ್ಕೆ ಅತ್ತೆ ಗಿರಣಿಯ ಬೀಗ ತೆಗೆದು ತಾವೇ ಬೆಲ್ಟು ಹಾಕಿದರು. ಬೀಸಿಸಲು ಬಂದ ಹೆಂಗಸರು ಮೂಗಿನ ಮೇಲೆ ಬೆರಳಿಟ್ಟರಂತೆ. ಮನೆಯಲ್ಲಿ ಕೂತು ಯಾರ ಮುಖ ನೋಡಲಿ, ರಾಗಿ ಸುರೀರಿ ಎಂದರಂತೆ ಅತ್ತೆ.

ಅವರ ಮನೆತನದಲ್ಲಿ ಒಂದು ರೂಢಿ. ಎಲ್ಲ ಕಡೆ ಹೀಗೇ ಇದೆಯೋ ಇಲ್ಲವೋ ನಾನು ಕಾಣೆ. ಸಾವಾದ ಮನೆಯಲ್ಲಿ ಒಂದು ವರ್ಷ ಒಲೆಯ ಮೇಲೆ ಎಣ್ಣೆ ಬಾಣಲೆ ಇಡುವ ಹಾಗಿಲ್ಲ. ಯುಗಾದಿ ಬರಲಿ, ಗಣಪತಿ ಬರಲಿ, ಕರಿದದ್ದು ಇಲ್ಲ. ವರ್ಷದ ಎಡೆ ಇಟ್ಟ ಮಾರನೆಯ ದಿನ ಹಿರೇ ಅಳಿಯ ಹೊರಗಿನಿಂದ ಎಣ್ಣೆ ತಂದು, ಬಾಣಲೆ ಇಟ್ಟು, ಏನಾದರೂ ಕರಿದು ಮನೆಯವರ ಬಾಯಿಗೆ ಹಾಕಬೇಕು. ಅಲ್ಲಿಗೆ ದುಃಖ ಕಳೆಯಿತು ಎಂದು ಲೆಕ್ಕ. ಹಿರೇ ಅಳಿಯ ಎಂದರೆ ಯಾರು? ನಾನು. ಇದರಲ್ಲಿ ಅಣ್ಣನ ಮಗ, ಆಡಿಸಿದ ಮಗ ಯಾವುದೂ ನಡೆಯುವುದಿಲ್ಲ. ಆ ದಿನ ಒಲೆಯ ಮುಂದೆ ನಾನು ನಿಲ್ಲಬೇಕು, ಅತ್ತೆ ಮೊದಲ ಮೆಣಸಿನಕಾಯಿ ನನ್ನ ಕೈಯಿಂದ ತಿನ್ನಬೇಕು. ಮಾವ ಹೋದ ದುಃಖದ ನಡುವೆಯೂ ನಾನು ಇದನ್ನು ಮನಸ್ಸಿನಲ್ಲಿ ಎಷ್ಟು ಸಲ ಮಾಡಿ ನೋಡಿಕೊಂಡೆನೋ. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳಿದ್ದೇನೆ.

ಶ್ರಾವಣದ ಒಂದು ಮಧ್ಯಾಹ್ನ. ನನ್ನ ರೂಟು ಚಿತ್ರದುರ್ಗದಿಂದ ಹೊಳಲ್ಕೆರೆ ಮೇಲೆ ಹೊಸದುರ್ಗ. ಹೊಸದುರ್ಗದಲ್ಲಿ ಬಸ್ಸು ಅರ್ಧ ಗಂಟೆ ನಿಲ್ಲುತ್ತದೆ, ಗಿರಣಿ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲೇ. ವಾರಕ್ಕೊಂದು ಸಲ ಹೋಗಿ ಕುರ್ಚಿಯ ಮೇಲೆ ಕೂತು ಚಹಾ ಕುಡಿದು ಬರುವುದು ಅಭ್ಯಾಸ. ಅವತ್ತು ಬೀದಿಯ ತುದಿಯಲ್ಲೇ ವಾಸನೆ ಹೊಡೆಯಿತು. ಸೀಳಿದ ಮೆಣಸಿನಕಾಯಿ, ಓಂಕಾಳು, ಬೆಂದ ಕಡ್ಲೆಹಿಟ್ಟು. ಪಕ್ಕದ ಮನೆಯದಿರಬೇಕು ಎಂದುಕೊಂಡೆ. ಒಳಗೆ ಕಾಲಿಟ್ಟರೆ ಅಡುಗೆಮನೆಯಲ್ಲಿ ಷಡ್ಡಕ. ಕಟ್ಟೆಯ ಮೇಲೆ ಕರ್ರಗೆ ಮಿರಮಿರ ಮಿಂಚುವ ಒಂದು ಡಬ್ಬಿ, ಒಳಗೆ ಫ್ಯಾನು ಗುಂಯ್ ಎನ್ನುತ್ತಿದೆ. ಅತ್ತೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಮೆಣಸಿನಕಾಯಿ ತಿನ್ನುತ್ತಿದ್ದಾರೆ. ಬಾಯಿ ಉರಿದು ಕಣ್ಣಲ್ಲಿ ನೀರು, ಆದರೂ ನಗುತ್ತಿದ್ದಾರೆ. ಮಾವ ಹೋದ ಮೇಲೆ ನಾನು ಆ ಮುಖದಲ್ಲಿ ನಗು ಕಂಡಿರಲಿಲ್ಲ. ನನ್ನನ್ನು ಕಂಡದ್ದೇ ತಡ, ತಟ್ಟೆ ಪಕ್ಕಕ್ಕೆ ಸರಿಸಿ, ಸೆರಗು ಸರಿಮಾಡಿಕೊಂಡು ಎದ್ದುಬಿಟ್ಟರು. ಕುರ್ಚಿ ಬಂತು.

ಷಡ್ಡಕ ಹಿರಿಯೂರಿನಲ್ಲಿ ಮಿಕ್ಸಿ, ಫ್ಯಾನು, ಗ್ರೈಂಡರ್ ಮಾರುವ ಅಂಗಡಿ ಇಟ್ಟಿದ್ದಾನೆ. ಈ ಡಬ್ಬಿಯ ಹೆಸರು ಏರ್ ಫ್ರೈಯರ್ ಎಂದ. ಎಣ್ಣೆ ಕಾಯಿಸುವ ಹಾಗೇ ಇಲ್ಲ, ಬಿಸಿ ಗಾಳಿಯಲ್ಲೇ ಎಲ್ಲ ಆಗುತ್ತದೆ ಎಂದ. ಒಂದು ತಟ್ಟೆಯಲ್ಲಿ ನನಗೂ ಎರಡು ಕೊಟ್ಟ. ಚೆನ್ನಾಗಿರಬಾರದು ಎಂದು ದೇವರಲ್ಲಿ ಬೇಡಿಕೊಂಡು ಕಚ್ಚಿದೆ. ಚೆನ್ನಾಗಿತ್ತು. ನಮ್ಮವ್ವನ ಕೈಯ ಮೆಣಸಿನಕಾಯಿಯ ಹಾಗೆ ಉಬ್ಬಿರಲಿಲ್ಲ, ಆದರೆ ಮೇಲೆ ರವೆ ಹಚ್ಚಿ ಗರಿಗರಿ ಮಾಡಿದ್ದ, ಒಳಗೆ ಹುಣಿಸೆಹಣ್ಣು ಜೀರಿಗೆ ಅರೆದು ತುಂಬಿದ್ದ. ಏನಾದರೂ ಹುಳುಕು ತೆಗೆಯಲೇಬೇಕು ಎಂದು ಉಪ್ಪು ಮುಂದಾಗಿದೆ ಎಂದೆ. ಉಪ್ಪು ಸರಿಯಾಗೇ ಇತ್ತು.

ವಾಪಸು ಬರುವಾಗ ಬಸ್ಸಿನಲ್ಲಿ ಫುಟ್‌ಬೋರ್ಡ್ ಮೇಲೆ ನಿಂತವರಿಗೆಲ್ಲ ಬೈದೆ, ಕೂತವರಿಗೂ ಬೈದೆ. ಹೊಳಲ್ಕೆರೆಯಲ್ಲಿ ಡ್ರೈವರ್ ತಿರುಗಿ ನೋಡಿ, ಯಾಕಣ್ಣ ಇವತ್ತು ಎಂದ. ನೀನು ರಸ್ತೆ ನೋಡು ಎಂದೆ. ತಲೆಯಲ್ಲಿ ಒಂದೇ ಮಾತು ತಿರುಗುತ್ತಿತ್ತು. ವರ್ಷ ತುಂಬಲು ಇನ್ನೂ ಮೂರು ತಿಂಗಳಿದೆ, ಅಷ್ಟರಲ್ಲೇ ಆ ಮನೆಯಲ್ಲಿ ಮೆಣಸಿನಕಾಯಿ ಆಗಿಹೋಯಿತು. ಅದೂ ಅವನ ಕೈಯಲ್ಲಿ. ಹಾಗಾದರೆ ಬಾಣಲೆ ಇಟ್ಟವನು ಯಾರು?

ಮನೆಗೆ ಬಂದವನೇ ಹೆಂಡತಿಯ ಮುಂದೆ ಹಾರಾಡಿದೆ. ನಿಮ್ಮ ಮನೆಯಲ್ಲಿ ರೂಢಿ ಗೀಢಿ ಏನಾದರೂ ಉಳಿದಿದೆಯೋ, ಎಲ್ಲ ಹಿರಿಯೂರಿಗೆ ಬರೆದುಕೊಟ್ಟಿದ್ದೀರೋ ಎಂದು ಕೇಳಿದೆ. ಅವಳು ಬೆಳ್ಳುಳ್ಳಿ ಬಿಡಿಸುತ್ತ ಕೂತಿದ್ದಳು. ತಲೆ ಎತ್ತಲಿಲ್ಲ. ಅದು ಬಾಣಲೆ ಅಲ್ಲವಲ್ಲ, ಎಣ್ಣೆ ಕಾಯಿಸಿಲ್ಲವಲ್ಲ, ಅದನ್ನು ಕರಿದದ್ದು ಎಂದು ಯಾರು ಹೇಳಿದರು ಎಂದಳು. ಬದನೆಕಾಯಿ ಸುಡುವುದಿಲ್ಲವೇ, ರೊಟ್ಟಿ ಸುಡುವುದಿಲ್ಲವೇ, ಹಾಗೆ ಅಂದುಕೊಳ್ಳಿ ಎಂದಳು. ಈ ಮಾತು ನನಗೆ ಬಹಳ ಹಿಡಿಸಿತು. ಅವನು ಮಾಡಿದ್ದು ಸುಟ್ಟ ಮೆಣಸಿನಕಾಯಿ. ಕರಿಯುವುದು ಇನ್ನೂ ಬಾಕಿ ಇದೆ, ನನ್ನ ಹಕ್ಕು ನನ್ನ ಹತ್ತಿರವೇ ಇದೆ.

ಸುಮ್ಮನಿರಬೇಕಿತ್ತು. ಇರಲಾಗಲಿಲ್ಲ. ಅತ್ತೆಯ ಆ ನಗು ಕಣ್ಣ ಮುಂದಿನಿಂದ ಹೋಗುತ್ತಿರಲಿಲ್ಲ. ಮಾರನೇ ವಾರ ಚಿತ್ರದುರ್ಗದಲ್ಲಿ ಅಂಗಡಿ ಅಂಗಡಿ ತಿರುಗಿ ನಾನೂ ಒಂದು ಡಬ್ಬಿ ತಂದೆ. ಷಡ್ಡಕನ ಅಂಗಡಿಯಲ್ಲಿ ತೆಗೆದುಕೊಂಡಿದ್ದರೆ ಮನೆಗೇ ತಂದು ಕೊಡುತ್ತಿದ್ದ, ಅದಕ್ಕೇ ತೆಗೆದುಕೊಳ್ಳಲಿಲ್ಲ. ಅವನದಕ್ಕಿಂತ ದೊಡ್ಡದು ಬೇಕು ಎಂದು ಕೇಳಿ ತಂದೆ. ಮನೆಯಲ್ಲಿರುವುದು ಇಬ್ಬರು, ಡಬ್ಬಿಯಲ್ಲಿ ಒಂದು ಇಡೀ ಕೋಳಿ ಹಿಡಿಯುತ್ತದೆ.

ಮೊದಲ ದಿನ ನನ್ನ ಅಭ್ಯಾಸದಂತೆ ಹಿಟ್ಟು ಕಲೆಸಿದೆ. ಕಡ್ಲೆಹಿಟ್ಟು, ಸ್ವಲ್ಪ ಅಕ್ಕಿಹಿಟ್ಟು, ಚಿಟಿಕೆ ಸೋಡ, ಬೆರಳಿನಿಂದ ಜಾರುವಷ್ಟು ತೆಳ್ಳಗೆ. ಮೆಣಸಿನಕಾಯಿ ಅದ್ದಿ ಡಬ್ಬಿಯ ಬುಟ್ಟಿಯಲ್ಲಿ ಸಾಲಾಗಿ ಮಲಗಿಸಿದೆ. ಬುಟ್ಟಿಯ ತಳದಲ್ಲಿ ತೂತುಗಳಿದ್ದದ್ದು ಕಣ್ಣಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ. ಹಿಟ್ಟೆಲ್ಲ ಕೆಳಗೆ ಸೋರಿ ದೋಸೆಯಾಯಿತು, ಮೇಲೆ ಮೆಣಸಿನಕಾಯಿ ಬೆತ್ತಲೆಯಾಗಿ ಸುಕ್ಕುಗಟ್ಟಿ ಬಿದ್ದಿತ್ತು. ಎಣ್ಣೆ ಇಲ್ಲದ್ದಕ್ಕೇ ಹೀಗಾಯಿತು ಎಂದು ಎರಡನೇ ಸಲ ಬುಟ್ಟಿಯೊಳಗೇ ಎರಡು ಸೌಟು ಎಣ್ಣೆ ಸುರಿದೆ. ಎಣ್ಣೆ ಕಾಣದಿದ್ದರೆ ನನಗೆ ಕೈ ಕಟ್ಟಿದಂತಾಗುತ್ತದೆ. ಡಬ್ಬಿ ಹೊಗೆ ಉಗುಳಿತು. ಹೆಂಡತಿ ಹಿತ್ತಲಿನಿಂದ ಓಡಿ ಬಂದು ಪ್ಲಗ್ ಕಿತ್ತಳು. ಅಡುಗೆಮನೆ ಹಾಳು ಮಾಡುವುದಾದರೆ ಹೇಳಿ ಮಾಡಿ, ನಾನು ತವರಿಗೆ ಹೋಗಿರುತ್ತೇನೆ ಎಂದಳು. ಅಲ್ಲೂ ಒಂದು ಡಬ್ಬಿ ಇದೆ ಹೋಗು ಎಂದೆ.

ಇನ್ನೊಂದು ಫಜೀತಿ ಆ ಡಬ್ಬಿಯ ಗಂಟೆ. ಹೊತ್ತು ಮುಗಿದ ಕೂಡಲೇ ಅದು ‘ಟಿಂಗ್’ ಎನ್ನುತ್ತಿತ್ತು, ಹಳೆಯ ಬಸ್ಸಿನಲ್ಲಿ ಹಗ್ಗ ಎಳೆದರೆ ಡ್ರೈವರ್ ಹತ್ತಿರ ಬಡಿಯುತ್ತಿದ್ದ ಗಂಟೆಯ ಹಾಗೇ. ನಾನು ಎಲ್ಲಿದ್ದರೂ, ಏನು ಮಾಡುತ್ತಿದ್ದರೂ, ಬಾಯಿಂದ “ರೈಟ್” ಎಂದು ಬಂದುಬಿಡುತ್ತಿತ್ತು. ಹೆಂಡತಿ ಮೊದಲು ನಕ್ಕಳು, ಆಮೇಲೆ ಅವಳೂ ರೈಟ್ ಎನ್ನಲು ಶುರುಮಾಡಿದಳು. ಎಣ್ಣೆಯಾದರೆ ಸದ್ದಿನಲ್ಲೇ ಹೇಳುತ್ತದೆ, ಮೊದಲು ಚುಂಯ್ ಎಂದು ಜೋರು, ಬೆಂದಂತೆ ಮೆಲ್ಲಗೆ. ಈ ಡಬ್ಬಿ ಮೊದಲಿಂದ ಕೊನೆವರೆಗೆ ಒಂದೇ ಸಮ ಗುಂಯ್ ಎನ್ನುತ್ತದೆ, ಒಳಗೆ ಮೆಣಸಿನಕಾಯಿ ಬೆಂದಿತೋ ಸತ್ತಿತೋ ತೆಗೆದು ನೋಡಿದರೇ ಗೊತ್ತು. ನಮ್ಮವ್ವ ಇದ್ದಿದ್ದರೆ ಅದನ್ನು ಎತ್ತಿ ಕೆರೆಗೆ ಎಸೆಯುತ್ತಿದ್ದಳು.

ಒಂದು ತಿಂಗಳು ಮಾಡಿದೆ. ಒಂದು ದಿನ ಒಣಗಿ ಕಡ್ಡಿಯಾಯಿತು, ಒಂದು ದಿನ ಹೊರಗೆ ಕರಕಲು ಒಳಗೆ ಹಸಿ. ಹೆಂಡತಿ ಬೇಸತ್ತು, ಅವನನ್ನೇ ಕೇಳಬಾರದೇ ಎಂದಳು. ಸತ್ತರೂ ಕೇಳುವುದಿಲ್ಲ ಎಂದೆ. ಆಗ ಅವಳು ನೆಟ್ಟಗೆ ನನ್ನ ಮುಖ ನೋಡಿ ಹೇಳಿದ ಮಾತು ಈಗಲೂ ಕಿವಿಯಲ್ಲಿದೆ.

“ಅದು ಕರಿಯೋದಲ್ಲ ಅಂದ್ರೆ ನಿಮ್ಗ್ಯಾಕ್ರಿ ಇಷ್ಟು ಹೊಟ್ಟೆಕಿಚ್ಚು? ಕರಿಯೋದೇ ಅಂದ್ರೆ, ಅವ್ನು ಬಾಣ್ಲಿ ಇಟ್ಟಾಗೈತೆ ಬಿಡ್ರಿ.”

ಅಂಗಿ ಹಾಕಿಕೊಂಡು ಡ್ಯೂಟಿಗೆ ಹೋದೆ.

ಕೊನೆಗೆ ಕೇಳಿದೆ. ಬೇರೆ ಏನೋ ನೆಪ ಮಾಡಿಕೊಂಡು ಷಡ್ಡಕನಿಗೆ ಫೋನ್ ಹಚ್ಚಿದೆ. ಮನೆಯ ಫ್ಯಾನು ಸದ್ದು ಮಾಡುತ್ತಿದೆ ಎಂದು ಶುರುಮಾಡಿ, ಮಾತಿನ ಮಧ್ಯೆ, ನಮ್ಮ ಪಕ್ಕದ ಮನೆಯವರು ಒಂದು ಏರ್ ಫ್ರೈಯರ್ ತಂದಿದ್ದಾರೆ, ಹಿಟ್ಟು ಸೋರುತ್ತದಂತೆ ಎಂದೆ. ಪಕ್ಕದ ಮನೆಯವರೇ ಎಂದು ಅವನು ರಾಗ ಎಳೆದ. ನನ್ನ ಕಥೆ ನಂಬಲಿಲ್ಲ ಎಂದು ಗೊತ್ತಾಯಿತು. ಆದರೂ ಒಂದು ಮಾತು ಚುಚ್ಚದೆ ಎಲ್ಲ ಹೇಳಿದ. ಹಿಟ್ಟು ರೊಟ್ಟಿಯ ಹಿಟ್ಟಿನಷ್ಟು ಗಟ್ಟಿ ಇರಬೇಕು, ಮೆಣಸಿನಕಾಯಿಗೆ ಕೈಯಲ್ಲಿ ಮೆತ್ತಬೇಕು, ಹುರಿದ ರವೆಯಲ್ಲಿ ಹೊರಳಿಸಬೇಕು, ಮೇಲೆ ಬೆರಳಲ್ಲಿ ಎಣ್ಣೆ ಸವರಬೇಕು, ಅರ್ಧಕ್ಕೆ ತೆಗೆದು ಮಗುಚಬೇಕು. ಮೊದಲ ವಾರ ತಾನೂ ಎಲ್ಲ ಸುಟ್ಟುಹಾಕಿದ್ದೆ ಎಂದು ತಾನಾಗೇ ಹೇಳಿಕೊಂಡ. ಅವನು ಜಿಪುಣತನ ಮಾಡಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಹಾಗೆ ಬಿಚ್ಚಿ ಹೇಳಿದ್ದು ನೋಡಿ ಮೈ ಪರಚಿಕೊಳ್ಳುವಂತಾಯಿತು.

ಫೋನ್ ಇಡುವ ಮುಂಚೆ ಅವನು ದನಿ ತಗ್ಗಿಸಿದ. “ಭಾವ, ಇನ್ನೊಂದ್ ಮಾತು. ಬಾಣ್ಲಿ ಇಡೋ ವಿಷ್ಯ ಸ್ವಲ್ಪ ನಿಧಾನ ಮಾಡ್ರಿ. ಅತ್ತೆ…”

ಓಹೋ, ಇಲ್ಲಿಗೆ ಬಂತು ನೋಡು ಎಂದುಕೊಂಡೆ. ಬಸ್ಸು ಹೊರಟಿತು ಎಂದು ಹೇಳಿ ಫೋನ್ ಕತ್ತರಿಸಿದೆ. ಅವತ್ತು ನನಗೆ ವಾರದ ರಜೆ, ಮನೆಯ ಕಟ್ಟೆಯ ಮೇಲೆ ಕೂತಿದ್ದೆ.

ಅವನು ಹೇಳಿದಂತೆ ಮಾಡಿದೆ, ಮೆಣಸಿನಕಾಯಿ ಬಂತು. ಹೆಂಡತಿ ನಾಲ್ಕು ತಿಂದಳು. ನಾನು ಒಂದನ್ನು ಕಚ್ಚಿ ತಟ್ಟೆಗೆ ವಾಪಸು ಹಾಕಿದೆ. ನಿಧಾನ ಮಾಡಬೇಕಂತೆ. ಯಾಕೆ, ಅಷ್ಟರಲ್ಲಿ ತಾನು ಇಡಬೇಕೇನೋ. ಇಪ್ಪತ್ತೆಂಟು ವರ್ಷ ‘ಲೇ’ ತಿಂದದ್ದು ಸಾಲದೆ ಇದೂ ಬೇಕೇ ಇವನಿಗೆ ಎಂದು ಕುದಿದೆ.

ಕಾರ್ತಿಕ ಬಂತು. ವರ್ಷದ ಎಡೆಗೆ ಎಲ್ಲರೂ ಹೊಸದುರ್ಗದಲ್ಲಿ ಸೇರಿದೆವು. ಮಾವನ ಫೋಟೋ ಮುಂದೆ ಅವರಿಗೆ ಇಷ್ಟವಾದ ಮುದ್ದೆ, ಬಸ್ಸಾರು, ಪಾಯಸ ಇಟ್ಟರು, ಕರಿದದ್ದು ಇಲ್ಲ. ಬಂದವರು ಉಂಡು ಹೋದರು. ಅತ್ತೆ ಅಳಲಿಲ್ಲ. ಮಾರನೆಯ ದಿನ ಬೆಳಿಗ್ಗೆ ಎಂದಿನಂತೆ ಗಿರಣಿಗೆ ಹೋಗಿ ಕೂತರು. ನನ್ನ ಹೆಂಡತಿ, ಅವಳ ತಂಗಿ ಹಿತ್ತಲಿನಲ್ಲಿ ಹಿಂದಿನ ದಿನದ ದೊಡ್ಡ ಪಾತ್ರೆ ತಿಕ್ಕುತ್ತಿದ್ದರು. ಇದೇ ಸಮಯ ಎಂದು ನಾನು ಚೀಲ ಬಿಚ್ಚಿದೆ. ಚಿತ್ರದುರ್ಗದ ಗಾಣದಲ್ಲಿ ಕಣ್ಣೆದುರು ಆಡಿಸಿದ ಶೇಂಗಾ ಎಣ್ಣೆಯ ಟಿನ್ನು, ಹೊಳಲ್ಕೆರೆಯಲ್ಲಿ ಬಸ್ಸು ನಿಂತಾಗ ಒಂದೊಂದೇ ಆರಿಸಿ ಕೊಂಡ ಮೆಣಸಿನಕಾಯಿ, ನಮ್ಮವ್ವನ ಜಾಲರಿ ಸೌಟು. ಗೂಟದ ಮೇಲಿದ್ದ ಬಾಣಲೆ ಇಳಿಸಿದೆ. ವರ್ಷದ ಧೂಳು ಕೂತಿತ್ತು. ತೊಳೆದು ಒರೆಸಿ ಒಲೆಯ ಮೇಲಿಟ್ಟೆ, ಪಕ್ಕದಲ್ಲಿ ಹಿಟ್ಟು ಕಲೆಸಿಕೊಂಡೆ. ಅತ್ತೆ ಬರುವಷ್ಟರಲ್ಲಿ ಮೊದಲ ಘಾಣ ಇಳಿದಿರಬೇಕು, ಬಿಸಿಬಿಸಿ ಕೈಗೆ ಕೊಡಬೇಕು ಎಂದು ನನ್ನ ಲೆಕ್ಕ.

ಷಡ್ಡಕ ಅಡುಗೆಮನೆಗೆ ಬಂದ. ಒಲೆಯ ಮೇಲಿನ ಬಾಣಲೆ ನೋಡಿ ಗಾಬರಿಯಾದ. ಅತ್ತೆ ಬರಲಿ ಇರ್ರಿ ಭಾವ ಎಂದ, ಒಂದು ಮಾತು ಕೇಳೋಣ ಎಂದ. ನೀನು ಹೋಗಿ ನಿನ್ನ ಡಬ್ಬಿ ಮಾರಿಕೋ ಎಂದೆ. ಅವನು ನನ್ನ ಕೈಯಲ್ಲಿದ್ದ ಟಿನ್ನಿಗೆ ಕೈ ಹಾಕಿದ, ನಾನು ಕಿತ್ತುಕೊಂಡು ಅಷ್ಟೂ ಎಣ್ಣೆಯನ್ನು ಬಾಣಲೆಗೆ ಸುರಿದು ಗ್ಯಾಸ್ ಹಚ್ಚಿದೆ. ಹೊಸ ಎಣ್ಣೆಯ ವಾಸನೆ ಎದ್ದಿತು. ಹಿಟ್ಟಿನ ಒಂದು ಹನಿ ಬಿಟ್ಟೆ. ಅದು ತಳಕ್ಕೆ ಹೋಗಿ ಕೂತಿತು.

ಗಿರಣಿಯ ಸದ್ದು ನಿಂತದ್ದು ನನಗೆ ಗೊತ್ತಾಗಲಿಲ್ಲ. ಹಿಂದಿನಿಂದ ಒಂದು ಕೂಗು ಬಂತು.

“ಲೇ, ಇಳ್ಸೋ ಅದನ್ನ!”

ತಿರುಗಿದೆ. ಅತ್ತೆ ಹೊಸ್ತಿಲಲ್ಲಿ ನಿಂತಿದ್ದರು, ಮಾವ ಕೂರುತ್ತಿದ್ದ ಹೊಸ್ತಿಲು. ಹುಬ್ಬಿನ ಮೇಲೆಲ್ಲ ರಾಗಿಹಿಟ್ಟು. ಕಣ್ಣು ನೆಟ್ಟಗೆ ನನ್ನ ಮೇಲೇ ಇತ್ತು. ಷಡ್ಡಕ ನನ್ನ ಪಕ್ಕದಲ್ಲೇ ಇದ್ದ, ಅವನ ಕಡೆ ನೋಡಲೂ ಇಲ್ಲ. ಆ ‘ಲೇ’ ನನಗೆ. ಇಪ್ಪತ್ತೆಂಟು ವರ್ಷಕ್ಕೆ ಮೊದಲನೆಯದು. ನನಗಾದದ್ದು ಹೆದರಿಕೆಯೋ ಖುಷಿಯೋ ಅವತ್ತೂ ತಿಳಿಯಲಿಲ್ಲ, ಈಗಲೂ ತಿಳಿದಿಲ್ಲ. ಕೈ ತಾನಾಗೇ ಹೋಗಿ ಗ್ಯಾಸ್ ಆರಿಸಿತು.

ಅತ್ತೆ ಹಾಗೇ ಹೊಸ್ತಿಲ ಮೇಲೆ ಕುಸಿದು ಕೂತರು. ಆಮೇಲೆ ಆಕೆ ನೆಲ ನೋಡುತ್ತ ಹೇಳಿದರು.

“ವರ್ಷ ಆತು ಅಂತ ಕ್ಯಾಲೆಂಡರ್ ಹೇಳ್ತೈತೆ. ಬಾಣ್ಲಿ ಇಟ್ರೆ ನಾನೂ ಹೌದು ಅಂದಂಗಾಗುತ್ತೆ. ಅವ್ರು ಮುಗುದ್ರು ಅಂದಂಗಾಗುತ್ತೆ. ನಂಗಿನ್ನೂ ಮುಗ್ದಿಲ್ಲ.”

ಬಾಯಿ ಚಪಲ ಕೇಳಬೇಕಲ್ಲ, ಎಂದು ಆಕೆಯೇ ಮುಂದುವರಿಸಿದರು. ಮೆಣಸಿನಕಾಯಿ ತಿನ್ನಬೇಕು ಅನ್ನಿಸುತ್ತಿತ್ತಂತೆ, ಬಾಣಲೆ ಇಡಲು ಮನಸ್ಸು ಬರುತ್ತಿರಲಿಲ್ಲವಂತೆ. ಒಂದು ದಿನ ಫೋನಿನಲ್ಲಿ ಇದನ್ನು ಅವನ ಮುಂದೆ ಆಡಿ ಅತ್ತರಂತೆ. ಅವನು ಮೂರನೇ ದಿನ ಡಬ್ಬಿ ತಂದಿಟ್ಟನಂತೆ, ಅತ್ತೇ, ಇದು ಬಾಣಲೆ ಅಲ್ಲ, ಇದಕ್ಕೆ ಲೆಕ್ಕ ಇಲ್ಲ, ತಿನ್ನು ಎಂದನಂತೆ. ಅವನು ಫೋನಿನಲ್ಲಿ ನಿಧಾನ ಮಾಡ್ರಿ ಎಂದದ್ದು ಇದಕ್ಕೆ. ನಾನು ಮೂರು ತಿಂಗಳು ಕರಿದದ್ದೋ ಸುಟ್ಟದ್ದೋ ಎಂದು ವಾದ ಮಾಡಿದ್ದೆ. ಆ ಡಬ್ಬಿ ಬಂದದ್ದೇ ಕರಿಯದೆ ಇರುವುದಕ್ಕೆ.

“ನಂಗೊಂದ್ ಮಾತು ಹೇಳ್ಬೇಕಿತ್ತು ಅತ್ತೆ” ಎಂದೆ.

ಅತ್ತೆ ತಲೆ ಎತ್ತಿದರು. ಸೆರಗು ಸರಿಮಾಡಿಕೊಂಡರು. “ನೀವು ದೊಡ್ಡ ಅಳಿಯ. ನಿಮ್ ಮುಂದೆ ಬಾಯಿ ಚಪಲ ಹೇಳ್ಕಳಾಕಾಗುತ್ತಾ? ಅವ್ನಾದ್ರೆ ನಮ್ ಹುಡುಗ.” ಸ್ವಲ್ಪ ತಡೆದು, “ಬೈದ್ಬಿಟ್ಟೆ, ತಪ್ಪು ತಿಳ್ಕಬ್ಯಾಡ್ರಿ” ಎಂದರು.

ಆ ‘ರಿ’ ವಾಪಸು ಬಂದಿತ್ತು. ಇನ್ನೊಂದು ಸಲ ಬೈಯಿರಿ ಎಂಬ ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. ನುಂಗಿಕೊಂಡು, ಅಯ್ಯೋ ಅದರಲ್ಲೇನಿದೆ ಎಂದೆ.

ಎಣ್ಣೆ ಆರಿದ ಮೇಲೆ ಟಿನ್ನಿಗೆ ವಾಪಸು ಸುರಿದೆ. ತಳದಲ್ಲಿ ಆ ಒಂದು ಹನಿ ಹಿಟ್ಟು ಬೇಯದೆ ಅಂಟಿಕೊಂಡಿತ್ತು, ಉಗುರಿನಿಂದ ತೆಗೆದೆ. ಬಾಣಲೆ ತೊಳೆದು ಮತ್ತೆ ಗೂಟಕ್ಕೆ ಹಾಕಿದೆ. ತಂದ ಮೆಣಸಿನಕಾಯಿ ಬಾಡಿಹೋಗುತ್ತವೆ, ಡಬ್ಬಿಯಲ್ಲೇ ಮಾಡಿ ಎಂದು ಅತ್ತೆಯೇ ಹೇಳಿದರು. ಅವನೊಂದು ಬುಟ್ಟಿ ಮಾಡ್ಲಿ, ನೀವೊಂದು ಮಾಡ್ರಿ ಎಂದರು. ಹಿಟ್ಟು ಗಟ್ಟಿಯಾಗಿ ಕಲೆಸಿ, ಮೆತ್ತಿ, ರವೆಯಲ್ಲಿ ಹೊರಳಿಸಿದೆ. ನನ್ನ ಕೈ ನಡೆಯುವುದನ್ನು ನೋಡಿ ಷಡ್ಡಕ, ಪಕ್ಕದ ಮನೆಯವರು ಚೆನ್ನಾಗಿ ಕಲಿತಿದ್ದಾರೆ ಭಾವ ಎಂದ. ಒದೆಯಬೇಕೆನ್ನಿಸಿತು. ಡಬ್ಬಿ ಟಿಂಗ್ ಎಂದಿತು, ನಾನು “ರೈಟ್” ಎಂದುಬಿಟ್ಟೆ. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಆ ನಗು ನನ್ನದು, ಅದನ್ನು ಯಾರಿಗೂ ಹಂಚುವುದಿಲ್ಲ.

ಎರಡೂ ಬುಟ್ಟಿಯದನ್ನು ತಿಂದು ನೋಡಿ ಅತ್ತೆ ನನ್ನ ಕಡೆ ತಿರುಗಿ, ಭಾಳ ಚೆನ್ನಾಗವೆ ಅಳಿಯಂದ್ರೆ ಎಂದರು. ಅವನ ಕಡೆ ತಿರುಗಿ, ಲೇ ನಿಂದು ಒಣಕಲು, ದನ ತಿನ್ನಲ್ಲ ಎಂದರು. ನಾನು ಗೆದ್ದೆ. ಗೆದ್ದವನು ನಾನು, ಬೈಸಿಕೊಂಡವನು ಅವನು, ಹಲ್ಲು ಕಿರಿದವನೂ ಅವನೇ. ಹೊಟ್ಟೆ ಮತ್ತೆ ಉರಿಯಿತು, ಮೆಣಸಿನಕಾಯಿ ಕಾರಕ್ಕಲ್ಲ.

ಎಣ್ಣೆ ಟಿನ್ನು ಅಲ್ಲೇ ಇದೆ, ಕಟ್ಟೆಯ ಕೆಳಗೆ. ಮನಸ್ಸು ಬಂದ ದಿನ ಹೇಳಿ ಕಳಿಸುತ್ತೇನೆ, ನೀವೇ ಬಂದು ಇಡ್ರಿ ಎಂದಿದ್ದಾರೆ. ಇನ್ನೂ ಹೇಳಿ ಕಳಿಸಿಲ್ಲ. ನನಗೂ ಅವಸರ ಹೋಗಿದೆ. ವಾರಕ್ಕೊಂದು ಸಲ ಹೊಸದುರ್ಗದಲ್ಲಿ ಬಸ್ಸು ನಿಂತಾಗ ಹೋಗುತ್ತೇನೆ. ಬರ್ರಿ, ಕುಂತ್ಕಳ್ರಿ ಎನ್ನುತ್ತಾರೆ. ಕುರ್ಚಿ ಬರುತ್ತದೆ, ನೀರು ಬರುತ್ತದೆ. ಚಹಾ ಇಟ್ಟು ಅತ್ತೆ ಗಿರಣಿಗೆ ಹೋದ ಮೇಲೆ, ಕೂತಲ್ಲಿಂದಲೇ ಅಡುಗೆಮನೆಯ ಗೂಟದ ಮೇಲಿನ ಬಾಣಲೆ ಕಾಣುತ್ತದೆ. ಒಂದು ಸಲ ಮೆಲ್ಲಗೆ ಇಳಿಸಿ ಒಲೆಯ ಮೇಲೆ ಇಟ್ಟುಬಿಡಲೇ ಅನ್ನಿಸುತ್ತದೆ. ಎಣ್ಣೆ ಹಾಕುವುದಿಲ್ಲ, ಗ್ಯಾಸ್ ಹಚ್ಚುವುದಿಲ್ಲ. ಆಕೆ ಬಂದು ನೋಡಿದರೆ ಸಾಕು.